ಕೆಂಪಾಜಮ್ಮನ ಹಿಂದೆ ಹೊರಟ ತೋಪು

ನಮ್ಮೂರಲ್ಲಿ ಮರಗಳು ನಡೆಯುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೊರಗಿನವರು ಕಥೆಯ ನಡುವೆ ಕೈಯೆತ್ತಿ "ಅದು ಹೇಗ್ರೀ?" ಎಂದು ಕೇಳುತ್ತಾರೆ, ನನಗೆ ಹೇಳಲು ಬರುವುದಿಲ್ಲ. ನಾನು ಹಿಟ್ಟಿನ ಗಿರಣಿ ನಡೆಸುವವನು. ರಾಗಿ ಹೇಗೆ ಹಿಟ್ಟಾಗುತ್ತದೆ ಎಂದರೆ ವಿವರಿಸಬಲ್ಲೆ, ಮರ ಹೇಗೆ ನಡೆಯುತ್ತದೆ ಎಂದರೆ ಬಾಯಿ ಕಟ್ಟುತ್ತದೆ. ನಡೆಯುತ್ತವೆ, ಅಷ್ಟೆ. ಬೆಳಗ್ಗೆ ದರ್ಜಿ ಅಂಗಡಿಯ ಈಚೆಗಿದ್ದ ಬೇವು ಸಂಜೆ ಹೊತ್ತಿಗೆ ಆಚೆಗೆ ಹೋಗಿರುತ್ತದೆ. ಕೂತು ನೋಡುತ್ತೇನೆಂದರೆ ಕಾಣುವುದಿಲ್ಲ, ಗಡಿಯಾರದ ಚಿಕ್ಕ ಮುಳ್ಳಿನ ಹಾಗೆ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಕಾಂಪೌಂಡು ಗೋಡೆಗಳಿಗೆ ನಾವು ಗಾರೆ ಹಾಕುವುದಿಲ್ಲ. ಮರ ಬಂದಾಗ ಕಲ್ಲು ತೆಗೆದು ದಾರಿ ಬಿಡುತ್ತೇವೆ, ಹೋದ ಮೇಲೆ ಮತ್ತೆ ಜೋಡಿಸುತ್ತೇವೆ. ಕ್ಷೌರದಂಗಡಿಯವನು ಕನ್ನಡಿಗೆ ಉದ್ದನೆಯ ಹಗ್ಗ ಕಟ್ಟಿಟ್ಟುಕೊಂಡಿದ್ದಾನೆ; ಆ ವಾರ ಅಂಗಡಿ ಮುಂದೆ ಯಾವ ಮರ ಬಂತೋ ಅದಕ್ಕೆ ನೇತುಹಾಕಿ ನೆರಳಲ್ಲೇ ಕೆಲಸ ಮಾಡುತ್ತಾನೆ. ಮದುವೆ ಕರೆಯೋಲೆಯಲ್ಲಿ "ಊಟ: ದೊಡ್ಡ ಆಲದ ಮರದ ಕೆಳಗೆ, ಅಂದು ಅದು ಎಲ್ಲಿರುವುದೋ ಅಲ್ಲಿ" ಎಂದು ಅಚ್ಚು ಹಾಕಿಸುತ್ತಾರೆ. ಕಚೇರಿಗೆ ತಡವಾಗಿ ಬಂದವರು "ಮರ ಅಡ್ಡ ಬಂತು ಸಾರ್" ಎಂದರೆ ಯಾರೂ ಮರುಮಾತಾಡುವುದಿಲ್ಲ. ಕಾನೂನು ಇರುವುದು ಒಂದೇ: ನಿಂತ ಮರ ನಿಂತ ನೆಲದವರದು, ನಡೆಯುವ ಮರ ಯಾರದೂ ಅಲ್ಲ. ನಡೆಯುವ ಮರಕ್ಕೆ ಕೊಡಲಿ ಮುಟ್ಟಿಸುವಂತಿಲ್ಲ.

ಮರ ಸುಮ್ಮಸುಮ್ಮನೆ ನಡೆಯುವುದಿಲ್ಲ. ಬುಡಕ್ಕೆ ನೀರು, ಮಣ್ಣು ಕೊಟ್ಟವರ ಕಡೆಗೆ ನಡೆಯುತ್ತದೆ. ಅವರು ಪಕ್ಕದಲ್ಲೇ ಇದ್ದರೆ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ನಮ್ಮಲ್ಲಿ ತೋಟ ಮಾಡುವುದು ಎಚ್ಚರದ ಕೆಲಸ. ಒಂದು ಬೇಸಿಗೆ ಅಸಡ್ಡೆ ಮಾಡಿದರೆ ಯುಗಾದಿ ಹೊತ್ತಿಗೆ ನಿಮ್ಮ ತೆಂಗಿನಮರ ಪಕ್ಕದವನ ಹೊಲದಲ್ಲಿ ಕಾಯಿ ಬಿಟ್ಟಿರುತ್ತದೆ. ಒಂದೇ ಸಲಕ್ಕೆ ನಾಲ್ಕಾರು ಮರ ಉರುಳಿಸಿದಿರೋ, ಉಳಿದವು ಮುಖ ತಿರುಗಿಸಿ ಹೊರಟೇಬಿಡುತ್ತವೆ.

ಇಡೀ ಊರಲ್ಲಿ ಒಂದು ಮರವೂ ಒಂದು ಗೇಣೂ ಕದಲದ ತೋಪು ಅಂದರೆ ಕೆಂಪಾಜಮ್ಮನದು. ಕಾಗದದ ಪ್ರಕಾರ ಅದು ಅವಳ ಗಂಡ ಮಾಯಣ್ಣನದು. ಊರಿನ ಪಶ್ಚಿಮದ ತುದಿಯಲ್ಲಿ ತೇಗ, ಹಲಸು, ಹುಣಸೆ, ಹೊಂಗೆ, ಹೆಬ್ಬೇವು ಎಲ್ಲ ಕಲೆಸಿ ಬೆಳೆದ ತೋಪು, ಅರವತ್ತೋ ಎಪ್ಪತ್ತೋ ಮರ. ನಡುನಡುವೆ ಅರಿಶಿನ, ಹುರುಳಿ. ಕೆಂಪಾಜಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು, ಮಾತು ಸ್ವಲ್ಪ ಒರಟು. ತರಗೆಲೆ ಗುಡಿಸಿ ಸುಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದೆಲ್ಲ ಬುಡಕ್ಕೆ ಹೊದಿಸಬೇಕು. ತೋಪಿನಿಂದ ಮರ ಕಡಿಸುತ್ತಿದ್ದಳು, ಇಲ್ಲವೆಂದಲ್ಲ. ಅಳೆದು ಸುರಿದು ಒಂದೊಂದಾಗಿ ಕಡಿಸುತ್ತಿದ್ದಳು, ಕಡಿಯುವ ಮೊದಲೇ ಪಕ್ಕದಲ್ಲಿ ಸಸಿ ಎದ್ದಿರಬೇಕು. ಮಾಯಣ್ಣ ಸಾಧು ಮನುಷ್ಯ, ಆದರೆ ಅವನಿಗೆ ತೋಪು ಅಂದರೆ ಕಾಯುವುದು. ಕಾಯುತ್ತಾ ಕಾಯುತ್ತಾ ಅವನಿಗೆ ಬೇಸರ ಬಂದುಬಿಟ್ಟಿತ್ತು.

ಆ ಹೊತ್ತಿಗೆ ಸರಿಯಾಗಿ ಪ್ಲೈವುಡ್ ಕಾರ್ಖಾನೆಯೊಂದರ ಏಜೆಂಟು ಬಂದ. ಇಡೀ ತೋಪನ್ನು ಒಂದೇ ದಿನದಲ್ಲಿ ಕೊಯ್ದು ಸಾಗಿಸುತ್ತೇವೆ, ಉಳಿದವು ಹೊರಡುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಉಳಿಯುವುದೇ ಇಲ್ಲ ಎಂದ. ಆಮೇಲೆ ಅದೇ ನೆಲದಲ್ಲಿ ನೀಲಗಿರಿ ಹಾಕಿ, ದಾರ ಹಿಡಿದ ಹಾಗೆ ಸಾಲು ಸಾಲು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬೆಳೆಯುತ್ತದೆ ಎಂದ. ಮಾಯಣ್ಣ ಜಗಲಿಯ ಮೇಲೆ ಕೂತು ಕೇಳಿದ. ಹೂಂ ಅಂದ. ಕೆಂಪಾಜಮ್ಮ ಒಳಗೆ ಮುದ್ದೆ ತೊಳಸುತ್ತಿದ್ದವಳು ಕೋಲು ಹಿಡಿದುಕೊಂಡೇ ಹೊರಗೆ ಬಂದಳು.

"ಯಾವನ್ನ ಕೇಳಿ ಹೂಂ ಅಂದೆ?"

"ಕೇಳೋದೇನು? ತೋಟ ನಂದಲ್ವಾ?"

"ನಿಂದಾದ್ರೆ ಹೇಳು, ಬಾವಿ ಕಡೆ ಇರೋ ಹಲಸು ಯಾವ ವರ್ಷ ಮೊದಲ ಫಲ ಕೊಡ್ತು? ಮೂಲೆ ಹೊಂಗೆಗೆ ಯಾವ ಕಡೆ ಗೆದ್ದಲು ಬಂದಿತ್ತು?"

ಏಜೆಂಟಿನ ಎದುರು ಇದನ್ನು ಕೇಳಬಾರದಿತ್ತು ಎಂದು ಅವಳೇ ಆಮೇಲೆ ನನ್ನ ಹೆಂಡತಿ ಹೊನ್ನಮ್ಮನ ಹತ್ತಿರ ಹೇಳಿಕೊಂಡಳು. ಮಾಯಣ್ಣನಿಗೆ ಮುಖ ಕೆಂಪಗಾಯಿತು. "ಮರದ ಮೇಲಿರೋ ಕಾಳಜೀಲಿ ಕಾಲು ಭಾಗ ನನ್ ಮೇಲಿದ್ದಿದ್ರೆ ನಾನೂ ನಾಲ್ಕು ಜನದಂಗೆ ಇರ್ತಿದ್ದೆ. ನಾನು ಮಾರೋನೆ. ಇಷ್ಟ ಇದ್ರೆ ಇರು, ಇಲ್ದಿದ್ರೆ ಹೊರಡು" ಅಂದ. ಅವಳು ಮುದ್ದೆ ಇಳಿಸಿ, ತಟ್ಟೆಗೆ ಹಾಕಿ, ಸಾರು ಬಿಟ್ಟು ಅವನ ಮುಂದಿಟ್ಟು ಹೊರಟಳು.

ನನ್ನ ಗಿರಣಿಯ ಹಿಂದೆ ಒಂದು ಸಣ್ಣ ಕೊಠಡಿಯಿತ್ತು, ಹಳೇ ಚೀಲ ತುಂಬಿಡಲು. ಹೊನ್ನಮ್ಮನಿಗೆ ಅವಳು ದೂರದ ಸಂಬಂಧದಲ್ಲಿ ಚಿಕ್ಕಮ್ಮನ ಮಗಳಾಗಬೇಕು. ಹೊನ್ನಮ್ಮನೇ ಚೀಲ ಖಾಲಿ ಮಾಡಿಸಿ ಚಾಪೆ ಹಾಸಿದಳು. ದಿನವಿಡೀ ಗಿರಣಿಯ ಸದ್ದು, ಹಿಟ್ಟಿನ ಧೂಳು, ಹಿತ್ತಿಲು ಅಂದರೆ ಎರಡು ಹಸು ಕಟ್ಟುವಷ್ಟು ಜಾಗ. ಕೆಂಪಾಜಮ್ಮ ಮೊದಲ ದಿನ ಬಾಗಿಲಲ್ಲಿ ಕೂತು ಆಕಾಶ ನೋಡಿದಳು. "ಇಲ್ಲಿ ಒಂದು ಗರಿಕೆ ಕೂಡ ಇಲ್ವಲ್ಲ ಅಣ್ಣ" ಅಂದಳು. ನನಗೆ ಬೇಜಾರಾಯಿತು. ಆಗ ನನಗೇನು ಗೊತ್ತು!

ಗರಗಸದ ಯಂತ್ರ, ಲಾರಿ, ಆಳುಗಳನ್ನು ಕಟ್ಟಿಕೊಂಡು ಏಜೆಂಟು ಬರುವ ಹೊತ್ತಿಗೆ ಮಾಯಣ್ಣನ ಜಮೀನು ಉತ್ತ ಹೊಲದ ಹಾಗಿತ್ತು. ಮರಗಳು ಬೇರು ಎಳೆದುಕೊಂಡು ಹೋದ ಗುರುತು ಎಲ್ಲೆಲ್ಲೂ. ಮೊದಲು ಹೊರಟದ್ದು ನಡುವಿದ್ದ ಸೊಟ್ಟ ತೇಗ, ಅದರ ಹಿಂದೆ ಹುಣಸೆ, ಆಮೇಲೆ ಎಲ್ಲವೂ. ರಸ್ತೆಯ ಮೇಲೆ ಸಾಲಾಗಿ ನಿಂತಿದ್ದವು, ಮೆರವಣಿಗೆಗೆ ತಡವಾದವರ ಹಾಗೆ. ಏಜೆಂಟು ಕೊಡಲಿ ಎತ್ತಲು ಹೇಳಿದಾಗ ಟೀ ಅಂಗಡಿಯವರು, ಸೈಕಲ್ ರಿಪೇರಿಯವರು, ಸೊಪ್ಪು ಮಾರುವವರು ಎಲ್ಲ ಬಂದು ಸುತ್ತ ನಿಂತರು. ಯಾರೂ ಕೂಗಾಡಲಿಲ್ಲ. "ನಡೀತಿರೋ ಮರ ಸ್ವಾಮಿ" ಎಂದು ಒಬ್ಬರು ಹೇಳಿದರು, ಅಷ್ಟೆ. ಲಾರಿ ಖಾಲಿ ತಿರುಗಿತು.

ಯಾರ ಕಡೆಗೆ ಹೊರಟಿವೆ ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಾಗದೆ ಇದ್ದವನು ನಾನೊಬ್ಬನೇ. ಹೊನ್ನಮ್ಮ ರೊಟ್ಟಿ ತಟ್ಟುತ್ತ, "ಹಿತ್ತಿಲ ಗೋಡೆ ಕಲ್ಲು ತೆಗಿಸ್ಬೇಕಾಯ್ತದೆ" ಅಂದಾಗಲೇ ನನಗೆ ಹೊಳೆದದ್ದು. ಎಪ್ಪತ್ತು ಮರ! ಎರಡು ಹಸು ಕಟ್ಟುವ ಜಾಗ!

ಒಂಟಿ ಮರ ಬಂದರೆ ನಮ್ಮೂರು ದಾರಿ ಬಿಡುತ್ತದೆ. ತೋಪಿಗೆ ತೋಪೇ ಬಂದದ್ದು ಅದೇ ಮೊದಲು. ಮಾರುಕಟ್ಟೆ ಬೀದಿಗೆ ಬಂದಾಗ ಬಸ್ಸುಗಳು ಊರ ಹೊರಗೇ ನಿಲ್ಲಬೇಕಾಯಿತು. ಅಂಚೆ ಕಚೇರಿಯ ಒಳಗೆ ಹೊಂಗೆಯೊಂದು ಹೊಕ್ಕು, ಅದು ಹಿಂಬಾಗಿಲಿಂದ ಹೊರಗೆ ಹೋಗುವ ತನಕ ಅಂಚೆಯವರು ಅದರ ಕೊಂಬೆಗೆ ಬೀದಿವಾರು ಚೀಲ ನೇತುಹಾಕಿ ಕಾಗದ ವಿಂಗಡಿಸಿದರು; ಕೆಲಸ ಮೊದಲಿಗಿಂತ ಚುರುಕಾಯಿತೆಂದು ಈಗಲೂ ಹೇಳುತ್ತಾರೆ. ಪೊಲೀಸ್ ಠಾಣೆಯ ಮುಂದೆ ಹಲಸು ಹಣ್ಣಾಗಿ, ಠಾಣೆಗೆ ಬಂದವರೆಲ್ಲ ತೊಳೆ ತಿಂದು ಜಗಳ ಮರೆತು ಹೋದರು. ಹೆಂಗಸರಿಗೆ ನೆರಳು ಖುಷಿಯಾಯಿತು. ರಸ್ತೆಯಲ್ಲಿ ಬಿದ್ದ ಗುಂಡಿಗಳು ಮಾತ್ರ ಯಾರಿಗೂ ಖುಷಿಯಾಗಲಿಲ್ಲ.

ಕೆಂಪಾಜಮ್ಮನಿಗೆ ಇದರಿಂದ ಹೆಮ್ಮೆಯಾಗಿದೆ ಎಂದು ಊರು ತಿಳಿದಿತ್ತು. ಅವಳಿಗೆ ನಾಚಿಕೆಯಾಗಿತ್ತು. ದಿನಾ ಸಂಜೆ ಕೊಡ ಹೊತ್ತು ಎದುರುಹೋಗಿ ಸಿಕ್ಕಷ್ಟು ಮರಕ್ಕೆ ನೀರು ಹಾಕಿ, ಬೈದು ಬರುತ್ತಿದ್ದಳು. "ಬುದ್ಧಿ ಇಲ್ವಾ ನಿಮಗೆ? ಬೇರೆಲ್ಲ ಹೊರಗೆ ಹಾಕ್ಕೊಂಡು ಬಿಸಿಲಲ್ಲಿ ಬರ್ತಿದೀರಲ್ಲ, ಮಳೆಗಾಲ ಕಾಯೋಕೆ ಏನು ಕಷ್ಟ?" ಎಂದು ನಡುರಸ್ತೆಯಲ್ಲಿ ತೇಗದ ಮರಕ್ಕೆ ಹೇಳುವುದನ್ನು ನಾನೇ ಕೇಳಿದ್ದೇನೆ. ಹಿಂತಿರುಗಿ ಬಂದಾಗ ಒಂದು ದಿನ ಅವಳ ಕಣ್ಣು ಒದ್ದೆಯಾಗಿತ್ತು. "ಸಸಿಗಳು ಬಂದಿಲ್ಲ ಹೊನ್ನಮ್ಮ. ಮೊಣಕಾಲುದ್ದ ಇರೋವಕ್ಕೆ ನಡೆಯೋಕೆ ಬರಲ್ಲ. ಅಲ್ಲೇ ಉಳ್ಕೊಂಡಿವೆ. ನೆರಳೂ ಹೋಯ್ತು, ನೀರೂ ಇಲ್ಲ."

"ಹೋಗಿ ಹಾಕಿ ಬರೋಣ ನಡಿ" ಅಂದಳು ಹೊನ್ನಮ್ಮ.

"ಆ ಮನೆ ಗೇಟು ದಾಟಲ್ಲ ನಾನು."

ಮೊದಲ ಮರ, ಅದೇ ಸೊಟ್ಟ ತೇಗ, ನನ್ನ ಹಿತ್ತಿಲಿಗೆ ಬಂದು ಗಿರಣಿಯ ಗೋಡೆಗೆ ಒರಗಿದಾಗ ಪುರಸಭೆ ತುರ್ತುಸಭೆ ಕರೆಯಿತು. ಮುಖ್ಯಾಧಿಕಾರಿ ಶ್ರೀಕಂಠಯ್ಯನವರು ಮೃದು ಮಾತಿನ ಮನುಷ್ಯ, ಯಾವ ಸಮಸ್ಯೆಗೂ ಮೊದಲು ಒಂದು ಲೋಟ ಮಜ್ಜಿಗೆ ತರಿಸುವವರು. ನಾನು ಸಭೆಯಲ್ಲಿ ಎದ್ದು ನಿಂತು, ಎಪ್ಪತ್ತು ಮರ ಬಂದರೆ ಗಿರಣಿ ಹೋಗುತ್ತದೆ, ಊರೆಲ್ಲ ರಾಗಿಯನ್ನು ಒರಳಲ್ಲಿ ಕುಟ್ಟಬೇಕಾಗುತ್ತದೆ ಎಂದೆ. ಎಲ್ಲರೂ ಗಾಬರಿಯಾದರು. ಶ್ರೀಕಂಠಯ್ಯನವರು ಮಜ್ಜಿಗೆ ಮುಗಿಸಿ ಕೇಳಿದರು:

"ಎಪ್ಪತ್ತು ಮರ ಎತ್ತಿಡೋದು ಸುಲಭಾನೋ, ಒಬ್ಬ ಹೆಂಗಸನ್ನ ಎತ್ತಿಡೋದು ಸುಲಭಾನೋ?"

"ಎತ್ತಿಡೋಕೆ ನಾನೇನು ರಾಗಿ ಚೀಲವಾ?" ಎಂದು ಕೆಂಪಾಜಮ್ಮ ಹಿಂದಿನ ಬೆಂಚಿನಿಂದ ಕೇಳಿದಳು.

ಅವರು ಕ್ಷಮೆ ಕೇಳಿ ಮತ್ತೊಂದು ಮಜ್ಜಿಗೆ ತರಿಸಿ ಅವಳಿಗೆ ಕೊಟ್ಟರು. ಆಮೇಲೆ ವಿಷಯ ಬಿಡಿಸಿ ಹೇಳಿದರು. ಊರಿನ ಪೂರ್ವಕ್ಕೆ ಬೋಳುಗುಡ್ಡವಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಯಾರೋ ಅದನ್ನು ಒಂದೇ ಸಲಕ್ಕೆ ಸವರಿದರು. ಉಳಿದ ಮರಗಳು ಇಳಿದು ಹೋದವು, ಮತ್ತೆ ಹತ್ತಲಿಲ್ಲ. ಅಲ್ಲಿ ಕಲ್ಲುಗಣಿಯ ಕಾವಲುಗಾರನ ಹಳೇ ಮನೆಯಿದೆ, ಪಕ್ಕದ ಕಲ್ಲುಗುಂಡಿಯಲ್ಲಿ ಮಳೆ ನೀರು ವರ್ಷವಿಡೀ ಇರುತ್ತದೆ. ಕೆಂಪಾಜಮ್ಮ ಅಲ್ಲಿ ಹೋಗಿ ಇದ್ದರೆ ಮರಗಳು ದಾರಿ ಬದಲಿಸಿ ಅಲ್ಲಿಗೆ ಹೋಗುತ್ತವೆ. ಗಿರಣಿ ಉಳಿಯುತ್ತದೆ, ಗುಡ್ಡಕ್ಕೆ ಹಸಿರು ಬರುತ್ತದೆ, ನೆಲ ಪುರಸಭೆಯದಾದ್ದರಿಂದ ಯಾವ ಏಜೆಂಟೂ ಬರುವುದಿಲ್ಲ.

ಅವಳು ಮಜ್ಜಿಗೆ ಲೋಟ ಕೆಳಗಿಟ್ಟಳು. "ಹೋಗ್ತೀನಿ. ಆದ್ರೆ ಅವು ಊರು ದಾಟೋ ತನಕ ದಾರಿ ಮನೆಯೋರು ಬುಡಕ್ಕೆ ನೀರು ಹಾಕ್ಬೇಕು, ಬೇರು ಮುಚ್ಚಬೇಕು. ಗುಡ್ಡದಿಂದ ನಾನು ಕೊಡ ಹೊತ್ತು ಇಳಿದು ಬಂದ್ರೆ ಅವು ಮತ್ತೆ ನನ್ನ ಹಿಂದೆ ಮುಂದೆ ಸುತ್ತಿ ನಡುಬೀದೀಲಿ ಒಣಗ್ತವೆ. ಅದಕ್ಕೆ ನಾನು ಇಳಿಯಲ್ಲ."

ಹಾಕುತ್ತೇವೆ ಎಂದು ಎಲ್ಲರೂ ಕೈಯೆತ್ತಿದರು. ನಾನೂ ಎತ್ತಿದೆ. ಅವಳು ಚಾಪೆ ಸುತ್ತಿಕೊಂಡು, ಎರಡು ಪಾತ್ರೆ, ಒಂದು ಗುದ್ದಲಿ ಹಿಡಿದು ಗುಡ್ಡ ಹತ್ತಿದಳು. ಒಂದು ವಾರದೊಳಗೆ ತೇಗ ನನ್ನ ಗೋಡೆ ಬಿಟ್ಟು ಪೂರ್ವಕ್ಕೆ ವಾಲಿತು. ಗಿರಣಿಗೆ ಪೂಜೆ ಮಾಡಿಸಿದೆ.

ಇತ್ತ ಮಾಯಣ್ಣ ಖಾಲಿ ನೆಲದಲ್ಲಿ ಏಜೆಂಟು ಹೇಳಿದ ಹಾಗೆ ನೀಲಗಿರಿ ಹಾಕಿದ. ದಾರ ಹಿಡಿದು ಸಾಲು ಎಳೆದ. ಸಸಿ ಹಾಕಲು ಹಳೇ ತೋಪಿನ ಮರಿ ಸಸಿಗಳು ಅಡ್ಡ ಬರುತ್ತಿದ್ದವು. ಮಣ್ಣುಗಡ್ಡೆ ಸಮೇತ ಕಿತ್ತು ಬುಟ್ಟಿಗಳಲ್ಲಿ ತುಂಬಿ ಕೊಟ್ಟಿಗೆಯ ಮೂಲೆಗೆ ಸರಿಸಿದ. ಬಿಸಾಡಬೇಕೆಂದಿದ್ದ, ಇವತ್ತು ನಾಳೆ ಎಂದು ಹಾಗೇ ಉಳಿದವು. ಬಾಯಾರಿದ ಹಾಗೆ ಕಂಡಾಗ ಮುಖ ತೊಳೆದ ನೀರನ್ನೇ ಅವುಗಳ ಮೇಲೆ ಚೆಲ್ಲುತ್ತಿದ್ದ.

ನೀಲಗಿರಿ ನಿಜಕ್ಕೂ ಬೇಗ ಬೆಳೆದವು. ಅವುಗಳಿಗೆ ಯಾರ ಮೇಲೂ ಮಮಕಾರವಿಲ್ಲ ಎಂಬುದನ್ನು ಏಜೆಂಟು ಹೇಳಿರಲಿಲ್ಲ; ಪಾಪ, ಅವನ ಊರಲ್ಲಿ ಅವು ನಡೆಯುತ್ತಿರಲಿಲ್ಲವೇನೋ. ಎದೆಯುದ್ದ ಆಗುವುದೇ ತಡ, ಸಾಲಿಗೆ ಸಾಲೇ, ದಾರ ಹಿಡಿದ ಹಾಗೆಯೇ, ಊರ ಕೆರೆಯ ಕಡೆಗೆ ಹೊರಟವು. ಉಳಿದ ಮರಗಳ ಹಾಗೆ ಯಾರನ್ನೋ ಹುಡುಕಿಕೊಂಡು ಹೋಗುವ ನಡಿಗೆಯಲ್ಲ ಅದು, ದಾಹದ ನಡಿಗೆ. ಕೆರೆಗೆ ಇಳಿದು ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಕುಡಿಯತೊಡಗಿದವು. ಅಗಸರ ಬಂಡೆಗಳು ಮೇಲೆ ಬಂದವು, ಆಮೇಲೆ ಕೆಸರು ಬಂತು, ಆಮೇಲೆ ಎಂದೋ ಕಳೆದುಹೋಗಿದ್ದ ಕೊಡ, ಚಪ್ಪಲಿ, ಒಂದು ಸೈಕಲ್ಲು ಬಂದವು. ನಿಂತ ನೆಲದ ಕಾನೂನಿನಂತೆ ಅವು ಈಗ ಊರಿನವು. ಊರು ಇಳಿದು ಕಿತ್ತು ಹಾಕಿತು. ಯಾವ ಮರವೂ ಅದಕ್ಕಾಗಿ ಮುನಿಸಿಕೊಂಡು ಹೊರಡಲಿಲ್ಲ. ಆದರೆ ಊರಿನವರು ಮಾಯಣ್ಣನ ಮೇಲೆ ಮುನಿಸಿಕೊಂಡರು. ಟೀ ಅಂಗಡಿಯಲ್ಲಿ ಅವನು ಬಂದು ಕೂತರೆ ಬೆಂಚು ಖಾಲಿಯಾಗುತ್ತಿತ್ತು.

ಮನೆಯಲ್ಲಿ ಒಬ್ಬನೇ, ಹೊರಗೆ ಗುಂಡಿ ಬಿದ್ದ ನೆಲ. ಒಂದು ಹುಲ್ಲಿನ ನೆರಳಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನು ಬಿಸಿಲು ತಡೆಯಲಾಗದೆ ಟವೆಲ್ಲು ತಲೆಗೆ ಹಾಕಿಕೊಂಡು ಹೊರಟ. ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲವಂತೆ. ನೆರಳು ಹುಡುಕುತ್ತ ಹೋದವನು ತನ್ನ ಮರಗಳ ನಡುವೆಯೇ ಬಂದು ನಿಂತ. ಅವು ಆಗ ಊರು ದಾಟಿ, ಎರಡೂ ಕಡೆ ಮನೆಯಿಲ್ಲದ ಬಯಲು ರಸ್ತೆಯಲ್ಲಿದ್ದವು. ಕೈಯೆತ್ತಿದ ನಾವೆಲ್ಲ ನಮ್ಮ ನಮ್ಮ ಮನೆಯ ಮುಂದೆ ಇದ್ದಷ್ಟು ದಿನ ನೀರು ಹಾಕಿ ಕೈ ತೊಳೆದುಕೊಂಡಿದ್ದೆವು. ಬೇರುಗಳು ಬಿಸಿಲಿಗೆ ಬಿಳಿಚಿ, ಹುಣಸೆಯ ಎಲೆ ಉದುರಿ, ಹಲಸಿನ ತೊಗಟೆ ಸೀಳು ಬಿಟ್ಟಿತ್ತು. ಮಾಯಣ್ಣ ಅವುಗಳ ಕೆಳಗೆ ಮಲಗಿ ನಿದ್ದೆ ಹೋದ. ಎದ್ದಾಗ ಪಾದದ ಮೇಲೆ ಬಿಸಿಲು ಬಿದ್ದಿತ್ತು. ಮರ ಅವನನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗಿತ್ತು.

ಮಾರನೆಯ ದಿನ ಅವನು ತಳ್ಳುಗಾಡಿ ತಳ್ಳಿಕೊಂಡು ಬಂದ. ಅದರಲ್ಲಿ ಎರಡು ಡ್ರಮ್ಮು ನೀರು, ಸಗಣಿ, ಹಳೇ ಗೋಣಿತಾಟು, ಆ ಸಸಿಗಳ ಬುಟ್ಟಿಗಳು, ಒಂದು ಒಲೆ. ಮರಗಳನ್ನು ಹಿಂದಕ್ಕೆ ಕರೆದೊಯ್ಯಲು ಬಂದಿದ್ದಾನೆ ಎಂದು ಊರು ಗುಮಾನಿ ಪಟ್ಟಿತು. ನಾನು ಗಿರಣಿ ಮುಚ್ಚಿ ಸೈಕಲ್ಲಿನಲ್ಲಿ ಹೋಗಿ ನೋಡಿದೆ. ಅವನು ಮಂಡಿಯೂರಿ ಕೂತು ತೇಗದ ಬೇರಿಗೆ ಗೋಣಿತಾಟು ಸುತ್ತಿ, ಒದ್ದೆ ಮಾಡಿ, ಮೇಲೆ ಸಗಣಿ ಮಣ್ಣು ಮೆತ್ತುತ್ತಿದ್ದ.

"ಏನ್ ಮಾಯಣ್ಣ, ವಾಪಸ್ ಹೊಡ್ಕೊಂಡು ಹೋಗೋ ಯೋಚನೆನಾ?"

"ಇವೇನು ದನವಾ, ಹೊಡ್ಕೊಂಡು ಹೋಗೋಕೆ?" ಅಂದ. ಮುಖ ಎತ್ತಲಿಲ್ಲ. ಆಮೇಲೆ ಕೇಳಿದ: "ಗಿರಣಿಯವ್ರೇ, ಮೂಲೆ ಹೊಂಗೆಗೆ ಗೆದ್ದಲು ಬಂದಿದ್ದು ಯಾವ ಕಡೆ ಅಂತ ಅವಳು ಯಾವತ್ತಾದ್ರೂ ನಿಮ್ಮನೇಲಿ ಹೇಳಿದ್ಲಾ?"

ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹೊಂಗೆಯ ಸುತ್ತ ತಿರುಗಿ ನೋಡಿದೆವು. ಬಡಗಣ ಬದಿಯಲ್ಲಿ ಹಳೆಯ ಗಾಯ ಕಂಡಿತು. ಅವನು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ.

ಹೀಗೆ ಅವನ ಸಂಸಾರ ಮರಗಳ ಜೊತೆಗೇ ಸಾಗಿತು. ತೋಪು ಒಂದು ಅಂಗಡಿಯಷ್ಟು ಸರಿದರೆ ಅವನ ಒಲೆ, ಚಾಪೆ, ಗಾಡಿ ಕೂಡ ಒಂದು ಅಂಗಡಿಯಷ್ಟು ಸರಿಯುತ್ತಿತ್ತು. ಹಿಂದೆ ಬಿದ್ದ ಗುಂಡಿಗಳನ್ನು ಮುಚ್ಚುತ್ತಿದ್ದ. ತರಗೆಲೆ ಬಾಚಿ ಮುಂದಿನ ದಿನ ಮರ ಬರುವ ಜಾಗಕ್ಕೆ ಮೊದಲೇ ಹಾಸುತ್ತಿದ್ದ. ಅವನ ವಿಳಾಸಕ್ಕೆ ಕಾಗದ ಬಂದರೆ ಅಂಚೆಯವರು ಹುಣಸೆಯ ಪೊಟರೆಯಲ್ಲಿಟ್ಟು ಬರುತ್ತಿದ್ದರು.

ಗುಡ್ಡದ ಮೇಲೆ ಕೆಂಪಾಜಮ್ಮ ಸುಮ್ಮನೆ ಕೂತಿರಲಿಲ್ಲ. ಬರುವ ಮರಗಳಿಗೆಂದು ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಮಳೆ ನೀರು ಇಂಗಲೆಂದು ಗುಂಡಿ ತೋಡಿದಳು. ಯಾವ ಮರಕ್ಕೆ ಎಲ್ಲಿ ಎಂದು ಮನಸ್ಸಲ್ಲೇ ಗುರುತು ಹಾಕಿದ್ದಳು: ಹಲಸಿಗೆ ತಗ್ಗು, ಹುಣಸೆಗೆ ಕಲ್ಲುನೆಲ. ಹೊನ್ನಮ್ಮ ರಾಗಿಹಿಟ್ಟು ಕೊಡಲು ಹೋದಾಗ ಮಾಯಣ್ಣನ ಸುದ್ದಿ ಹೇಳಿದಳು. ಕೆಂಪಾಜಮ್ಮ ಗುದ್ದಲಿ ನಿಲ್ಲಿಸಲಿಲ್ಲ. "ನೆರಳಿಗೆ ಹೋಗಿರ್ತಾನೆ" ಅಂದಳು.

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ತೋಪು ಗುಡ್ಡದ ಬುಡಕ್ಕೆ ಬಂತು. ಊರೆಲ್ಲ ನೋಡಲು ಹೋಯಿತು. ಇನ್ನು ಏರುವುದೊಂದೇ ಬಾಕಿ. ಶ್ರೀಕಂಠಯ್ಯನವರು ಸ್ವಾಗತಕ್ಕೆ ಮಜ್ಜಿಗೆ, ಬ್ಯಾಂಡು ಎರಡೂ ಏರ್ಪಾಡು ಮಾಡಿದ್ದರು.

ತೋಪು ಅಲ್ಲೇ ನಿಂತುಬಿಟ್ಟಿತು. ಒಂದು ವಾರ ಹೋಯಿತು, ಮತ್ತೊಂದು ಹೋಯಿತು. ಒಂದು ಬೇರೂ ಮೇಲಕ್ಕೆ ಚಾಚಲಿಲ್ಲ. ಬ್ಯಾಂಡಿನವರು ಬೇರೆ ಮದುವೆಗೆ ಹೋದರು. ಮಾಯಣ್ಣನ ಗಾಡಿಯ ಸುತ್ತ, ಅವನ ಒಲೆಯ ಸುತ್ತ ಎಪ್ಪತ್ತೂ ಮರ ಗುಂಪುಗೂಡಿ, ಊಟಕ್ಕೆ ಕೂತ ನೆಂಟರ ಹಾಗೆ ನೆಮ್ಮದಿಯಾಗಿ ನಿಂತಿದ್ದವು. ಮಾಯಣ್ಣ ಗಾಬರಿಯಾಗಿ ಅವುಗಳಿಗೆ ಕೈ ತೋರಿಸಿ "ಮೇಲೆ, ಮೇಲೆ" ಅನ್ನುತ್ತಿದ್ದ. ಅವು ಚಿಗುರಿದವು, ಅಷ್ಟೆ.

ಸುದ್ದಿ ಹೊತ್ತು ಗುಡ್ಡಕ್ಕೆ ಹೋದವನು ನಾನೇ. ಕೆಂಪಾಜಮ್ಮ ತಾನು ತೋಡಿದ ಗುಂಡಿಗಳ ಸಾಲಿನ ನಡುವೆ ನಿಂತು ಕೇಳಿದಳು. ನಾನು ಹೇಳಿ ಮುಗಿಸಿದ ಮೇಲೂ ಕೇಳುತ್ತಿರುವವಳ ಹಾಗೆ ನಿಂತಿದ್ದಳು. ಆ ಮುಖ ನನಗೆ ನೋಡಲಾಗಲಿಲ್ಲ. ಇಪ್ಪತ್ತೆಂಟು ವರ್ಷ ಸಾಕಿದ್ದಳು. ಕೊನೆಗೆ ಅಂದಳು: "ಗಿರಣಿ ಅಣ್ಣ, ನಾಳೆ ಬೆಳಿಗ್ಗೆ ಸಾಮಿಲ್ಲಿಂದ ಇಬ್ಬರು ಎಳೆಯೋ ಗರಗಸ ತಂದ್ಕೊಡು. ನಾನೇ ಕೆಳಗೆ ಬರ್ತೀನಿ."

ಗರಗಸ ಎಂದದ್ದು ಊರಿಗೆ ಮಿಂಚಿನ ಹಾಗೆ ಹಬ್ಬಿತು. ತನ್ನನ್ನು ಬಿಟ್ಟು ಗಂಡನ ಪಕ್ಷ ವಹಿಸಿದ ಮರಗಳನ್ನು ಅವಳು ಉಳಿಸುವುದಿಲ್ಲ ಎಂದರು. ಬೆಳಿಗ್ಗೆ ಗುಡ್ಡದ ಬುಡದಲ್ಲಿ ಜಾತ್ರೆಯಷ್ಟು ಜನ. ಅವಳು ಇಳಿದು ಬಂದಳು, ಕಪ್ಪಗಾಗಿದ್ದಳು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಮಾಯಣ್ಣ ಗಾಡಿಯ ಹಿಂದೆ ನಿಂತಿದ್ದ, ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು. ಅವನ ಕಡೆ ಅವಳು ನೋಡಲಿಲ್ಲ. ಒಂದೊಂದೇ ಮರದ ಬುಡಕ್ಕೆ ಹೋಗಿ ಕೂತು ಬೇರು ಮುಟ್ಟಿದಳು, ಗೋಣಿತಾಟು ಎತ್ತಿ ನೋಡಿದಳು, ಮಣ್ಣು ಮೂಸಿದಳು. ಹೊಂಗೆಯ ಬಡಗಣ ಬದಿಗೆ ಬೇವಿನ ಹಿಂಡಿ ಮೆತ್ತಿದ್ದನ್ನು ಕಂಡು ಅಲ್ಲೇ ಸ್ವಲ್ಪ ಹೊತ್ತು ಕೂತಳು.

"ಹುಣಸೆಗೆ ಇಷ್ಟು ಸಗಣಿ ಹಾಕಿದ್ದು ಯಾರು?" ಎಂದು ಕೇಳಿದಳು, ಹುಣಸೆಯನ್ನೇ ಕೇಳುವ ಹಾಗೆ. "ಹಸಿ ಸಗಣಿ. ಬೇರು ಸುಟ್ಟುಹೋಗಲ್ವಾ?"

"ಹದಿನೈದು ದಿನ ಒಣಗಿಸಿದ್ದೆ" ಅಂದ ಮಾಯಣ್ಣ.

"ಸಾಲ್ದು."

ಆಮೇಲೆ ಅವಳಿಗೆ ಸಸಿಗಳು ಕಂಡವು. ಮಾಯಣ್ಣ ಬುಟ್ಟಿಯಿಂದ ತೆಗೆದು ಮರಗಳ ನಡುವೆ ನೆಟ್ಟಿದ್ದ. ಅಷ್ಟೂ ಬದುಕಿದ್ದವು. ಅವಳು ಎಣಿಸಲಿಲ್ಲ, ಸುಮ್ಮನೆ ನೋಡಿಕೊಂಡು ಹೋದಳು. ಸೊಟ್ಟ ತೇಗದ ಕೆಳಗೆ ಬಂದಾಗ ನಿಂತಳು. ಅಲ್ಲಿ ಎರಡು ಹೆಬ್ಬೇವಿನ ಸಸಿ, ಒಂದು ಹಲಸು. ತೇಗ ಅಗಲಕ್ಕೆ ಹರಡಿ ಬಿಸಿಲನ್ನೆಲ್ಲ ನುಂಗಿತ್ತು. ಸಸಿಗಳು ಹಳದಿಯಾಗಿ ಪಕ್ಕಕ್ಕೆ ಬಾಗಿದ್ದವು. ಅವಳು ತೇಗದ ಮೇಲೆ ಅಂಗೈ ಇಟ್ಟಳು.

"ಇದು ಹೋಗ್ಬೇಕು."

ಜನ ಗುಜುಗುಜು ಎಂದರು. ಶ್ರೀಕಂಠಯ್ಯನವರು ಮುಂದೆ ಬಂದು, "ಅಮ್ಮ, ಎಲ್ಲಕ್ಕಿಂತ ಮೊದಲು ನಿಮ್ಮನ್ನ ಹುಡುಕ್ಕೊಂಡು ಹೊರಟಿದ್ದು ಇದೇ ಅಲ್ವಾ? ಊರೆಲ್ಲ ದಾಟಿ ಬಂತಲ್ಲಮ್ಮ" ಅಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬಂತು ಸ್ವಾಮಿ. ಬಂದಿದ್ದಕ್ಕೆ ಕೈ ಮುಗೀತೀನಿ" ಎಂದು ಅವಳು ಮರಕ್ಕೆ ಕೈ ಮುಗಿದಳು. "ಅದಕ್ಕಂತ ಮಕ್ಕಳ ಮೇಲೆ ನಿಂತ್ಕೊಂಡಿರು ಅನ್ನೋಕಾಯ್ತದಾ? ವಯಸ್ಸಾಗಿದೆ, ಒಳಗೆ ಟೊಳ್ಳು ಬೀಳ್ತಿದೆ. ಈಗ ತೆಗೆದ್ರೆ ಬಾ‍ಗಿಲಾಯ್ತದೆ, ಮಂಚ ಆಯ್ತದೆ. ಬಿಟ್ರೆ ಗಾಳಿಗೆ ಸಸಿ ಮೇಲೇ ಬೀಳ್ತದೆ."

ಗರಗಸ ತೆಗೆದುಕೊಂಡು ಬುಡಕ್ಕೆ ಹಚ್ಚಿದಳು. ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ಹಿಡಿ ಖಾಲಿ ಗಾಳಿಯಲ್ಲಿ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಹೊನ್ನಮ್ಮ ನನ್ನ ಅಂಗಿ ಹಿಡಿದು ಎಳೆದಳು.

"ಹಿಡ್ಕೊ" ಅಂದಳು ಕೆಂಪಾಜಮ್ಮ, ಯಾರನ್ನೂ ನೋಡದೆ.

ಮಾಯಣ್ಣ ಗಾಡಿ ಬಿಟ್ಟು ಬಂದು ಆ ಕಡೆ ಕೂತ. ಎರಡು ಸಲ ಎಳೆಯುವುದರೊಳಗೆ ಗರಗಸ ಸಿಕ್ಕಿಕೊಂಡು ಬಾಗಿತು. "ತಳ್ಬೇಡ. ನಿನ್ನ ಸರದೀಲಿ ಎಳಿ, ನನ್ನ ಸರದೀಲಿ ಬಿಡು. ಅಷ್ಟೇ ಇರೋದು." ಅವನು ತಲೆಯಾಡಿಸಿದ. ಮತ್ತೆ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಗರಗಸ ಹಾಡುವ ಹಾಗೆ ಸಾಗತೊಡಗಿತು. ಕೆಂಪು ಹೊಟ್ಟು ಇಬ್ಬರ ಮೊಣಕಾಲ ಮೇಲೂ ಬೀಳುತ್ತಿತ್ತು.

ತೇಗ ಅವಳು ತೋರಿಸಿದ ಕಡೆಗೇ, ಖಾಲಿ ಜಾಗಕ್ಕೆ ಉರುಳಿತು. ಒಂದು ಸಸಿಗೂ ತಾಗಲಿಲ್ಲ. ಎಲ್ಲರೂ ಉಳಿದ ಮರಗಳ ಕಡೆ ನೋಡಿದೆವು. ಯಾರೋ ಪ್ರತಿ ಮರದ ಬುಡಕ್ಕೂ ಒಂದೊಂದು ಕಲ್ಲು ಗುರುತಿಟ್ಟರು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಕಲ್ಲುಗಳು ಇಟ್ಟಲ್ಲೇ ಬುಡಕ್ಕೆ ತಾಗಿಕೊಂಡಿದ್ದವು.

ಜನ ಚದುರಿದ ಮೇಲೆ ಇಬ್ಬರೂ ಬಿದ್ದ ಮರದ ಮೇಲೆ ಕೂತಿದ್ದರು. ಗರಗಸ ವಾಪಸು ಒಯ್ಯಲು ನಾನು ಅಲ್ಲೇ ಇದ್ದೆ, ಹೊನ್ನಮ್ಮ ಮಾಯಣ್ಣನ ಒಲೆಯ ಮೇಲೆ ಏನೋ ಬೇಯಿಸುತ್ತಿದ್ದಳು. ಕೆಂಪಾಜಮ್ಮ ಕೇಳಿದಳು:

"ಇಲ್ಲಿತನಕ ಬಂದು ಮೇಲಕ್ಕೆ ಯಾಕೆ ಬರ್ಲಿಲ್ಲ ಇವು?"

ಮಾಯಣ್ಣ ಹೊಟ್ಟು ಒರೆಸಿಕೊಂಡ. "ಅವು ಹತ್ತಲಿ, ಹಿಂದೆ ನಾನು ಹತ್ತೋಣ ಅಂತ ನಾನು ಕಾಯ್ತಿದ್ದೆ. ನಾನು ಹತ್ತಲಿ ಅಂತ ಅವು ಕಾಯ್ತಿದ್ವು ಅಂತ ಕಾಣ್ತದೆ. ನನಗೆ ಧೈರ್ಯ ಬರ್ಲಿಲ್ಲ ಕಣೆ."

ಅವಳು ನಕ್ಕಳು. ಗಿರಣಿಯ ಹಿಂದೆ ಇದ್ದಷ್ಟು ದಿನ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಗಂಡಸರ ಹಾಗೆ ದೊಡ್ಡ ನಗು.

"ಮೇಲೆ ಅಷ್ಟೊಂದು ಗುಂಡಿ ತೋಡಿ ಇಟ್ಟಿದೀನಲ್ಲ, ಅದಕ್ಕೇನ್ ಮಾಡೋದು?"

"ಇವುಗಳ ಬೀಜ ಇದೆ, ಸಸಿ ಮಾಡೋಣ. ನಡೆಯೋದು ಕಲಿಯೋಕೆ ಮುಂಚೆ ಅಲ್ಲಿ ಇರೋದು ಕಲೀಲಿ."

ಕೆಂಪಾಜಮ್ಮ ಗುಡ್ಡದ ಕಡೆ ನೋಡಿದಳು, ಆಮೇಲೆ ತಳ್ಳುಗಾಡಿಯ ಕಡೆ. ಎದ್ದು ಹೋಗಿ ಅದರ ಹಿಡಿ ಹಿಡಿದು ಒಮ್ಮೆ ಅಲುಗಾಡಿಸಿ ನೋಡಿದಳು. "ಚಕ್ರಕ್ಕೆ ಎಣ್ಣೆ ಹಾಕಿಲ್ಲ ನೀನು" ಅಂದಳು. ಮಾಯಣ್ಣ ಎಣ್ಣೆ ಹುಡುಕಲು ಎದ್ದ.